ನೆಲ ನಡುಗಿದರೆ ಹೊರಗೆ ಓಡುವವರು

ಚಿನ್ನದ ಗಣಿಯ ರೆಸ್ಕ್ಯೂ ಸ್ಟೇಷನ್ನಿನಲ್ಲಿ ನನ್ನ ಕೆಲಸ ಜನರಿಗೆ ಉಸಿರಾಡುವುದನ್ನು ಕಲಿಸುವುದು. ಹಾಗೆಂದರೆ ನೆಂಟರು ನಗುತ್ತಿದ್ದರು. ಹುಟ್ಟಿದ ಕೂಸಿಗೂ ಬರುವ ವಿದ್ಯೆಯನ್ನು ಕಲಿಸಲು ಒಬ್ಬ ಮೇಷ್ಟ್ರು ಬೇರೆ ಬೇಕೇ ಎಂದು ಕೇಳುತ್ತಿದ್ದರು. ನಗಲಿ ಬಿಡಿ. ಗಣಿಯೊಳಗೆ ಬೆಂಕಿ ಬಿದ್ದು ಗಾಳಿ ಕೆಟ್ಟಾಗ, ಬೆನ್ನಿಗೆ ಆಮ್ಲಜನಕದ ಸಿಲಿಂಡರು ಕಟ್ಟಿಕೊಂಡು, ಬಾಯಲ್ಲಿ ರಬ್ಬರಿನ ಕೊಳವೆ ಕಚ್ಚಿಕೊಂಡು, ಮೂಗಿಗೆ ಕ್ಲಿಪ್ಪು ಹಾಕಿಕೊಂಡು ಕತ್ತಲಲ್ಲಿ ನಡೆಯಬೇಕಾಗುತ್ತದೆ. ಆಗ ಮನುಷ್ಯ ಮೊದಲು ಮರೆಯುವುದೇ ಉಸಿರಾಡುವುದನ್ನು.

ಕುವೈತ್ ಯುದ್ಧ ಇನ್ನೇನು ಶುರುವಾಗುತ್ತದೆ ಎನ್ನುತ್ತಿದ್ದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಮೇಸ್ತ್ರಿ ಅಣ್ಣ ಸ್ಟೇಷನ್ನಿನ ಬೆಂಚಿನ ಮೇಲೆ ಬಂದು ಕೂತಿದ್ದರು. ನಾನು ತಂಡಕ್ಕೆ ಸೇರಿದಾಗ ಅವರೇ ನಮ್ಮ ಮುಂದಾಳು. ನಿವೃತ್ತರಾದ ಮೇಲೆ ಉರಿಗಾಂನಲ್ಲಿ ಗಣಿಯವರಿಗೆ ಕಟ್ಟಿಸಿದ ಸಾಲುಮನೆ, ಅಂದರೆ ಲೈನ್ ಮನೆ, ಬಿಟ್ಟು, ಬೂದಿಕೋಟೆ ಹತ್ತಿರದ ತಮ್ಮ ಊರಿಗೆ ಹೋಗಿ, ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದರು. ಎದುರಿಗೆ ಜನ ಇದ್ದರೆ ನನ್ನನ್ನು ‘ಸಾರ್’ ಎನ್ನುವರು, ಇಲ್ಲದಿದ್ದರೆ ‘ತಮ್ಮ’.

"ತಮ್ಮ, ಒಂದು ಸೆಟ್ಟು ಬೇಕಾಗಿತ್ತು" ಎಂದರು. ಸೆಟ್ಟು ಎಂದರೆ ನಾವು ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಯಂತ್ರ.

"ಯಾಕಣ್ಣ, ಹಸುಗೆ ಕಟ್ಟೋಕಾ?" ಎಂದು ನಾನು ಕಿಚಾಯಿಸಿದೆ. ಅವರು ನಗಲಿಲ್ಲ.

"ಮಗಳಿಗೆ ಕಣಪ್ಪ."

ಅವರ ಮಗಳು ಮದ್ರಾಸಿನ ಏಜೆಂಟೊಬ್ಬನ ಮೂಲಕ ಸೌದಿಯ ರಿಯಾದಿಗೆ ಹೋಗಿ, ಒಂದು ಮನೆಯಲ್ಲಿ ಇಬ್ಬರು ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿದ್ದಳು. ಆ ದಿನಗಳಲ್ಲಿ ಗಲ್ಫಿಗೆ ಹೋದವರು ಕಾಗದ ಬರೆಯುತ್ತಿದ್ದುದು ಕಡಿಮೆ. ಟೇಪ್‌ರೆಕಾರ್ಡರಿನ ಮುಂದೆ ಕೂತು ಮಾತಾಡಿ ಕ್ಯಾಸೆಟ್ಟು ಕಳಿಸುತ್ತಿದ್ದರು. ಅವಳ ಕ್ಯಾಸೆಟ್ಟು ಬಂದಿತ್ತು.

"ಇರಾಕಿನೋರು ವಿಷದ ಗಾಳಿ ಬಿಡ್ತಾರೆ ಅಂತ ಆ ಮನೇಲಿ ಎಲ್ರಿಗೂ ಮೂತಿಗೆ ಆಕ್ಕೊಳ್ಳೋ ಮಾಸ್ಕು ಕೊಟ್ಟವ್ರಂತೆ. ಮಕ್ಳಿಗೂ ಸಣ್ಣದು ಬಂದೈತಂತೆ. ಇವ್ಳಿಗಿಲ್ಲ. ಆಯಾಗೆ ಯಾರು ಕೊಡ್ತಾರೆ ಏಳು" ಎಂದರು.

ಮಕ್ಕಳನ್ನು ತೊಳೆಯಲು, ಉಣಿಸಲು, ಮಲಗಿಸಲು ಅವಳು ಮನೆಯವಳು, ಮಾಸ್ಕು ಹಂಚುವಾಗ ಹೊರಗಿನವಳು. ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ. ನನಗೆ ಮೈ ಉರಿಯಿತು. ಆದರೆ ನನ್ನ ಉರಿಯಿಂದ ರಿಯಾದಿನಲ್ಲಿ ಯಾರಿಗೂ ಉಸಿರು ಸಿಗುವುದಿಲ್ಲ.

ಸೆಟ್ಟು ಕೊಡುವ ಹಾಗಿರಲಿಲ್ಲ. ಕಂಪನಿಯ ಸ್ವತ್ತು ಎನ್ನುವುದು ಒಂದು ಕಾರಣ. ಕದ್ದು ಕೊಟ್ಟರೂ ಸಿಲಿಂಡರಿನ ಗಾಳಿ ಸ್ವಲ್ಪ ಹೊತ್ತಿಗೆ ಮುಗಿದುಹೋಗುತ್ತದೆ, ಮತ್ತೆ ತುಂಬಿಕೊಡುವವರು ಅಲ್ಲಿಲ್ಲ. ಗಣಿಗೆ ಇಳಿಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಡಬ್ಬಿಯೊಂದಿದೆ. ಅದು ತಡೆಯುವುದು ಬೆಂಕಿಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡನ್ನು ಮಾತ್ರ. ಅಲ್ಲಿ ಜನ ಹೆದರಿದ್ದ ಅನಿಲ ಬೇರೆ ಜಾತಿಯದು, ಮೂಗನ್ನೇ ಹುಡುಕಿಕೊಂಡು ಬರಬೇಕಾಗಿಲ್ಲ, ಚರ್ಮಕ್ಕೆ ತಾಗಿದರೂ ಸಾಕು. ಇದನ್ನೆಲ್ಲ ಹೇಳಿದೆ.

"ಗೊತ್ತು ತಮ್ಮ" ಎಂದರು. "ಗೊತ್ತಿದ್ದೂ ಕೇಳ್ದೆ. ಸುಮ್ನೆ ಎಂಗೆ ಕುಂತ್ಕೊಳ್ಳೋದು?"

ನಮ್ಮ ಮೇಲಧಿಕಾರಿಯನ್ನು ಕೇಳಿದೆ. ಒಳ್ಳೆಯ ಮನುಷ್ಯ. ಕಪಾಟಿನಲ್ಲಿದ್ದ ಹಳೆಯ ಕೈಪಿಡಿಯೊಂದನ್ನು ಹುಡುಕಿ ತೆಗೆದು, ಧೂಳು ಒರೆಸಿ ಕೊಟ್ಟರು. ಅದರಲ್ಲಿದ್ದದ್ದು ಎಷ್ಟೋ ಹಿಂದಿನ ಯುದ್ಧದ ಅನಿಲಗಳ ವಿಚಾರ. ಸೈನಿಕರಿಗೆ ಬೂಟು, ಕೈಗವಸು, ಮುಖವಾಡ, ಮೈತುಂಬ ಎಣ್ಣೆಬಟ್ಟೆ. ಆಯಾಗಳಿಗೆ ಏನೂ ಬರೆದಿರಲಿಲ್ಲ. ಕೊನೆಗೆ ನಮಗೆ ಉಳಿದದ್ದು ಒಂದೇ ದಾರಿ. ಮುಖಕ್ಕೆ ಏನೂ ಇಲ್ಲದಿದ್ದರೆ ಕೋಣೆಗೇ ಮುಖವಾಡ ಹಾಕಬೇಕು. ಗಣಿಯಲ್ಲಿ ಬೆಂಕಿ ಬಿದ್ದ ಸುರಂಗದ ಬಾಯಿಯನ್ನು ಗೋಡೆ ಕಟ್ಟಿ, ಸಂದಿಗಳಿಗೆ ಮಣ್ಣು ಮೆತ್ತಿ, ಕೆಟ್ಟ ಗಾಳಿ ಈಚೆ ಬಾರದಂತೆ ಮುಚ್ಚುವುದು ನಮಗೆ ಕರತಲಾಮಲಕ. ಇಲ್ಲಿ ಅದನ್ನೇ ತಿರುಗಿಸಿ, ಮನುಷ್ಯರನ್ನು ಒಳಗಿಟ್ಟು ಮುಚ್ಚಬೇಕು.

ಪರೀಕ್ಷೆ ಮಾಡದೆ ಹೇಳುವುದು ನಮ್ಮ ಕಸುಬಿನಲ್ಲಿ ಇಲ್ಲ. ಸ್ಟೇಷನ್ನಿನ ಹಿಂದೆ ತರಬೇತಿಗೆಂದು ಕಟ್ಟಿದ ಹೊಗೆಮನೆಯಿತ್ತು. ಅದರೊಳಗಿನ ಸಣ್ಣ ಕೋಣೆಯ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದು, ಬಾಗಿಲ ಸಂದಿಗಳಿಗೆ ಪ್ಯಾಕಿಂಗ್ ಟೇಪು ಹಚ್ಚಿ, ಕೆಳಗಿನ ಸಂದಿಗೆ ಒದ್ದೆ ಗೋಣಿ ತುರುಕಿ, ಅಣ್ಣ ಮತ್ತು ನಾನು ಒಳಗೆ ಕೂತೆವು. ಹೊರಗೆ ನಮ್ಮ ತಂಡದವರು ಹಸಿ ಹುಲ್ಲು, ಎಣ್ಣೆ ಬಟ್ಟೆ ಸುಟ್ಟು ಹೊಗೆ ಎಬ್ಬಿಸಿದರು. ಟಾರ್ಚು ಹಿಡಿದು ಬಾಗಿಲನ್ನೇ ನೋಡುತ್ತಿದ್ದೆವು. ಬಾಗಿಲಿಂದ ಒಂದು ಎಳೆ ಹೊಗೆಯೂ ಬರಲಿಲ್ಲ. ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಅಣ್ಣ ಕೆಮ್ಮಿದರು. ಹೊಗೆ ನಮ್ಮ ಬೆನ್ನ ಹಿಂದೆ, ಸ್ವಿಚ್ಚಿನ ಹಲಗೆಯ ಸಂದಿಯಿಂದ ಸುರುಳಿ ಸುರುಳಿಯಾಗಿ ಬರುತ್ತಿತ್ತು. ಅದನ್ನು ಮುಚ್ಚಿದರೆ ನೀರು ಹೋಗುವ ಮೋರಿಯ ತೂತಿನಿಂದ ಬಂತು. ಅದನ್ನೂ ಮುಚ್ಚಿ ಕೂತರೆ ಸ್ವಲ್ಪ ಹೊತ್ತಿಗೆ ನಮ್ಮ ಉಸಿರೇ ನಮಗೆ ಭಾರವಾಗಿ ತಲೆ ನೋಯತೊಡಗಿತು.

ಇದರಿಂದ ಕಲಿತದ್ದನ್ನೆಲ್ಲ ಮಾತಿಗೆ ಇಳಿಸಿದೆವು. ಸ್ವಿಚ್ಚು, ಮೋರಿ, ಏಸಿ ಕೂರಿಸಿದ ತೂತು, ಎಲ್ಲಕ್ಕೂ ಟೇಪು. ಚಳಿಯೆಂದು ಒಳಗೆ ಇದ್ದಿಲ ಒಲೆ ಹಚ್ಚಬಾರದು, ಹೊರಗಿನ ವಿಷಕ್ಕಿಂತ ಮೊದಲು ಅದೇ ಕೊಲ್ಲುತ್ತದೆ. ಒಮ್ಮೆ ಮುಚ್ಚಿದ ಬಾಗಿಲನ್ನು ಅಪಾಯ ಕಳೆಯಿತೆಂಬ ಸೈರನ್ ಕೂಗುವವರೆಗೂ ತೆರೆಯಕೂಡದು.

ಯಾವ ಕೋಣೆ ಎನ್ನುವುದರಲ್ಲಿ ಮಾತ್ರ ಸಿಕ್ಕಿಬಿದ್ದೆವು. ವಿಷದ ಗಾಳಿ ಭಾರ, ತಗ್ಗಿಗೆ ಇಳಿಯುತ್ತದೆ. ಹಾಗಾಗಿ ಮಹಡಿಗೆ ಹತ್ತಬೇಕು. ಕ್ಷಿಪಣಿ ಬೀಳುವುದು ಮೇಲಿಂದ. ಅದಕ್ಕೆ ನೆಲಮಾಳಿಗೆಗೆ ಇಳಿಯಬೇಕು. ಬರುವುದು ಯಾವುದು ಎಂದು ಮೊದಲೇ ಹೇಳಿ ಕಳಿಸುವ ಶತ್ರು ಇಲ್ಲ. ಅವಳ ಕೋಣೆಯೋ ತಾರಸಿಯ ಮೇಲಿನ ತಗಡಿನ ಸೂರು. ಯೋಚಿಸಿ ಯೋಚಿಸಿ ಸಾಕಾಗಿ, ಮನೆಯ ನಡುವೆ ಕಿಟಕಿಯಿಲ್ಲದ ಕೋಣೆ ಯಾವುದಿದೆಯೋ ಅದು ಎಂದು ತೀರ್ಮಾನಿಸಿದೆವು. ಇದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕ್ಯಾಸೆಟ್ಟನ್ನು ಉರಿಗಾಂನ ನನ್ನ ಕ್ವಾರ್ಟರ್ಸಿನಲ್ಲೇ ತುಂಬಿದೆವು. ಅಣ್ಣನ ಹೆಂಡತಿಯೂ ಬಂದಿದ್ದರು. ಅಣ್ಣನ ಹೆಂಡತಿ ನನಗೆ ಅತ್ತಿಗೆ, ನಾನು ಅವರಿಗೆ ತಮ್ಮಯ್ಯ. ನಾನು ತರಗತಿಯಲ್ಲಿ ಹೇಳುವ ಹಾಗೆ ಒಂದೊಂದಾಗಿ ಹೇಳಿ ಮುಗಿಸಿದ ಮೇಲೆ ಅವರು ಟೇಪ್‌ರೆಕಾರ್ಡರಿಗೆ ಮುಖ ತಂದು, "ನೋಡು ಮಗ, ನಿನ್ನ ತಗಡಿನ ರೂಮಲ್ಲಿ ಇರಬ್ಯಾಡ. ಅವ್ರ ಕಾಲು ಇಡ್ಕಂಡಾದ್ರೂ ಒಳಗೆ ಸೇರ್ಕೋ. ಆ ಟೇಪು ಅಚ್ಚೋದು ನಿಂಗೆ ಬತ್ತದೆ ಅಂದ್ರೆ ಒಳಗೆ ಬಿಟ್ಕೊಂತಾರೆ" ಎಂದರು. ಅದು ನನಗೆ ಹೊಳೆದಿರಲಿಲ್ಲ. ಕೆಲಸ ಬಲ್ಲವಳನ್ನು ಹೊರಗೆ ನಿಲ್ಲಿಸುವುದಿಲ್ಲ ಎಂಬ ಧೈರ್ಯದಲ್ಲಿ ರಿಜಿಸ್ಟರ್ಡ್ ಅಂಚೆಗೆ ಹಾಕಿ ಬಂದೆವು.

ಯುದ್ಧ ಶುರುವಾಯಿತು. ಆಂಡರ್ಸನ್‌ಪೇಟೆಯ ಟೀ ಅಂಗಡಿಯಲ್ಲಿ ಟೀವಿಯ ಮುಂದೆ ಜಾಗ ಸಿಗುತ್ತಿರಲಿಲ್ಲ. ಮೇಲಿಂದ ತೆಗೆದ ಚಿತ್ರ, ನಡುವೆ ಕೂಡಿಸುವ ಗುರುತಿನಂಥ ಗೆರೆ, ಅದರ ಕೆಳಗೆ ಒಂದು ಕಟ್ಟಡ, ಆಮೇಲೆ ಸದ್ದಿಲ್ಲದೆ ಬಿಳಿ ಹೊಗೆ. ಕಂಪ್ಯೂಟರು ಹೇಳಿದ ಕಿಟಕಿಯೊಳಕ್ಕೇ ಬಾಂಬು ನುಗ್ಗುತ್ತದೆ, ಪಕ್ಕದ ಮನೆಯ ಬೆಕ್ಕಿಗೂ ಗೊತ್ತಾಗುವುದಿಲ್ಲ ಎಂದು ಒಬ್ಬರು ಬಣ್ಣಿಸುತ್ತಿದ್ದರು. ರಿಯಾದಿನ ಕಡೆ ಹಾರಿಬರುವ ಇರಾಕಿನ ಸ್ಕಡ್ ಕ್ಷಿಪಣಿಯನ್ನು ಇನ್ನೊಂದು ಕ್ಷಿಪಣಿ ಎದುರಿಗೆ ಹೋಗಿ ಆಕಾಶದಲ್ಲೇ ಹೊಡೆಯುತ್ತದಂತೆ. ಎಲ್ಲರೂ ಭಲೇ ಎಂದರು.

"ಒಡೆದದ್ದು ಎಲ್ಲಿಗೆ ಬೀಳತ್ತೆ ಸ್ವಾಮಿ?" ಎಂದು ಕೇಳಿದೆ.

"ಎಲ್ಲಾದ್ರೂ ಬೀಳತ್ತೆ ಬಿಡಿ ಸಾರ್" ಎಂದರು.

ಟೀ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಬಾಂಬಿಗೆ ಕಣ್ಣು ಕೊಟ್ಟಿದ್ದಾರೆ, ಕೆಳಗಿರುವವರಿಗೆ ಒಂದು ರಬ್ಬರಿನ ಮಾಸ್ಕು ಸಾಲದೇ ಬಂದಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುತ್ತಾರಲ್ಲ, ಇಲ್ಲಿ ಕೂಸು ಎತ್ತಿಕೊಂಡಿದ್ದ ಆಯಾ ಬಡವಾಗಿದ್ದಳು.

ಕ್ಯಾಸೆಟ್ಟು ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಅವಳು ಹೋಗುವಾಗ ಕೊಟ್ಟಿದ್ದ ಮನೆಯ ಫೋನ್ ನಂಬರು ಅಣ್ಣನ ಬಳಿ ಇತ್ತು. ಬಂಗಾರಪೇಟೆ ರೈಲ್ವೆ ಸ್ಟೇಷನ್ ಎದುರು ಹೊಸದಾಗಿ ಎಸ್ಟಿಡಿ ಬೂತು ಬಂದಿತ್ತು. ಡ್ಯೂಟಿ ಇಲ್ಲದ ಹೊತ್ತು ನೋಡಿ ನಾನು ಅಲ್ಲಿಗೆ ಹೋಗುವುದು, ಬೂದಿಕೋಟೆ ಬಸ್ಸಿನಲ್ಲಿ ಅಣ್ಣ ಅತ್ತಿಗೆ ಬರುವುದು, ಮೂವರೂ ಗಾಜಿನ ಗೂಡಿನ ಮುಂದೆ ಕೂರುವುದು. ಬೂತಿನ ಯಜಮಾನರು ತೆಲುಗಿನವರು. ಗುಂಡಿ ಒತ್ತಿ ಒತ್ತಿ, "ಲೈನ್ ದೊರಕಲೇದು ಸಾರ್, ಅಂತಾ ಬಿಜಿ" ಎಂದು ತಲೆಯಾಡಿಸುತ್ತಿದ್ದರು. ನಮ್ಮ ಹಾಗೆ ಕಾಯುವವರು ಇನ್ನೂ ಇದ್ದರು. ಬಂದ ದಾರಿಗೆ ಸುಂಕವಿಲ್ಲ ಎಂದು ಸಂಜೆ ಎದ್ದು ಹೋಗುತ್ತಿದ್ದೆವು.

ಹೀಗೆ ಲೈನು ಸಿಗದ ಒಂದು ದಿನ, ಅವರಿಬ್ಬರನ್ನೂ ಊಟಕ್ಕೆಂದು ನನ್ನ ಜೊತೆ ಉರಿಗಾಂಗೆ ಕರೆದುಕೊಂಡು ಬಂದೆ. ಮುದ್ದೆ ತಟ್ಟೆಗೆ ಬಿದ್ದಿತ್ತು ಅಷ್ಟೆ. ಕಾಲ ಕೆಳಗೆ ದೊಡ್ಡದೊಂದು ಗುದ್ದು ಬಿತ್ತು. ಗೋಡೆ ಅಲುಗಿತು, ಪಾತ್ರೆಗಳು ದಡಬಡ ಉರುಳಿದವು. ಏರ್‌ಬ್ಲಾಸ್ಟ್. ಆಳದಲ್ಲಿ ಬಂಡೆ ತನ್ನ ಮೇಲಿನ ಭಾರ ತಾಳಲಾರದೆ ಸಿಡಿಯುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದವರಿಗೆ ಆಗ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೂಸನ್ನು ಕಂಕುಳಿಗೆ ಹಾಕಿಕೊಂಡು ಹೊರಗೆ ಓಡುವುದು. ನಾವು ಮೂವರೂ ಮುದ್ದೆ ಮೆತ್ತಿದ ಕೈಯಲ್ಲೇ ಬೀದಿಯಲ್ಲಿದ್ದೆವು. ಇಡೀ ಲೈನಿನ ಜನ ಬೀದಿಯಲ್ಲಿದ್ದರು. ಎದುರು ಮನೆಯಾಕೆ ತಮಿಳಿನಲ್ಲಿ, "ಎಂದ ಶಾಫ್ಟ್‌ಪ್ಪಾ?" ಎಂದು, ಸಿಡಿದದ್ದು ಯಾವ ಗಣಿಬಾವಿಯಲ್ಲಿ ಎಂದು ಕೂಗಿ ಕೇಳುತ್ತಿದ್ದರು. ಯಾರೋ ನಕ್ಕರು. ಹೀಗೆ ಓಡಿಬಂದಾಗ ಯಾರಾದರೂ ನಗುವುದೂ ವಾಡಿಕೆಯೇ.

ಅತ್ತಿಗೆ ನಗಲಿಲ್ಲ. ಬೀದಿಯ ತುಂಬ ನಿಂತ ಜನರನ್ನು ಒಮ್ಮೆ ನೋಡಿದರು.

"ತಮ್ಮಯ್ಯ, ಅವ್ಳೂ ಇಂಗೇ ಓಡ್ತಾಳಲ್ಲ" ಎಂದರು.

ಅವಳು ಹುಟ್ಟಿ ಬೆಳೆದದ್ದು ಇದೇ ಲೈನಿನಲ್ಲಿ. ನಡೆಯಲು ಕಲಿತ ದಿನದಿಂದ ನೆಲ ನಡುಗಿದಾಗೆಲ್ಲ ಹೊರಗೆ ಓಡಿದವಳು. ರಿಯಾದಿನಲ್ಲಿ ಹೊರಗೆ ಓಡಿದರೆ ಆಕಾಶದಿಂದ ಉರಿಯುವ ತಗಡಿನ ಚೂರು, ಒಡೆದ ಗಾಜು, ಇನ್ನು ವಿಷವಿದ್ದರೆ ವಿಷ. ಕ್ಯಾಸೆಟ್ಟಿನಲ್ಲಿ ಮೋರಿಯ ತೂತಿನವರೆಗೆ ಎಲ್ಲ ಹೇಳಿದ್ದೆವು, ಇದೊಂದನ್ನು ಹೇಳಿರಲಿಲ್ಲ. ನಮ್ಮಲ್ಲಿ ಇದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಕಾಲಿಗೇ ಗೊತ್ತಿರುತ್ತದೆ.

ಕೂಡಲೇ ಬೂತಿಗೆ ಹೊರಡಬೇಕೆಂದರೆ ರೆಸ್ಕ್ಯೂ ಸ್ಟೇಷನ್ನಿನ ಸೈರನ್ ಕೂಗಿತು. ಏರ್‌ಬ್ಲಾಸ್ಟ್ ಆದರೆ ನಮ್ಮ ತಂಡ ಕೆಳಗಿಳಿಯಬೇಕು. ಇಳಿದೆವು. ಮುರಿದ ದಿಮ್ಮಿಗಳ ನಡುವೆ ತೆವಳಿ, ಕೂಗಿ ಕರೆದು, ಒಬ್ಬೊಬ್ಬರನ್ನೂ ಎಣಿಸಿ ಮೇಲೆ ಕಳಿಸಿದೆವು. ಪುಣ್ಯಕ್ಕೆ ಯಾರಿಗೂ ಜೀವಕ್ಕೆ ಅಪಾಯವಾಗಿರಲಿಲ್ಲ. ಕೆಳಗೆ ಸಿಕ್ಕಿದವನೊಬ್ಬ ನನ್ನ ಕೈ ಹಿಡಿದು ಅತ್ತ. ಇಷ್ಟು ಆಳಕ್ಕೆ ಕೈ ಚಾಚುವ ನಮಗೆ ಒಂದು ಫೋನಿನ ಆಚೆ ತುದಿ ಎಟುಕುತ್ತಿರಲಿಲ್ಲ.

ಮಾರನೆಯ ದಿನ ಸ್ನಾನ ಮಾಡಿದವನೇ ಬಂಗಾರಪೇಟೆಗೆ ಹೋದೆ. ಅಣ್ಣ ಅತ್ತಿಗೆ ಆಗಲೇ ಬಂದು ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಬೂತಿನ ಯಜಮಾನರು ತಟ್ಟನೆ ಎದ್ದು ನಿಂತು, "ರಿಂಗವುತೋಂದಿ, ರಿಂಗವುತೋಂದಿ!" ಎಂದು ಕೂಗಿದರು. ರಿಸೀವರನ್ನು ಅತ್ತಿಗೆ ತೆಗೆದುಕೊಂಡರು. ಹೆತ್ತ ತಾಯಿ ಅವರು, ಬೇಡ ಎನ್ನಲು ನಾನ್ಯಾರು? ಆ ಕಡೆ ಯಾರೋ ಅರಬ್ಬಿಯಲ್ಲಿ ಮಾತಾಡಿದರು, ಆಮೇಲೆ ಮಗಳ ದನಿ ಬಂತು.

"ಉಂಡ್ಯಾ ಮಗ? ಉಂಡ್ಯಾ? ಸೊರಗಿದ್ಯೇನೆ?" ಅತ್ತಿಗೆ ಅಳುತ್ತ ಅದನ್ನೇ ಕೇಳುತ್ತಿದ್ದರು. ಲೈನಿನಲ್ಲಿ ಗೊರಗೊರ ಸದ್ದು ಹೆಚ್ಚುತ್ತಿತ್ತು. ಯಾವ ಗಳಿಗೆಯಲ್ಲಾದರೂ ಕಡಿದುಹೋಗಬಹುದು.

"ಕೊಡೇ ಅವ್ರಿಗೆ" ಎಂದರು ಅಣ್ಣ. ಅತ್ತಿಗೆ ಕೊಡಲಿಲ್ಲ. ನಾನು ಕಿತ್ತುಕೊಂಡೆ. ಇಷ್ಟು ದಿನ ಬೂತಿನ ಮುಂದೆ ಕೂತು ಮಗಳ ದನಿಗೆ ಕಾದವರ ಕೈಯಿಂದ ಕಿತ್ತುಕೊಂಡೆ.

"ನೆಲ ನಡುಗಿದ್ರೆ ಹೊರಗೆ ಓಡ್ಬೇಡ ಕಣಮ್ಮ! ಏನೇ ಆಗ್ಲಿ ಒಳಗೇ ಇರು. ಕೇಳಿಸ್ತಾ? ಓಡ್ಬೇಡ!"

ಆ ಕಡೆಯಿಂದ ಮಾತು ಸ್ವಲ್ಪ ತಡವಾಗಿ ಬರುತ್ತಿತ್ತು.

"ಓಡ್ಬಿಟ್ಟಿದ್ದೆ ಚಿಕ್ಕಪ್ಪ" ಎಂದಳು. "ಮೊದಲ್ನೇ ಸಲಾನೇ ಓಡ್ಬಿಟ್ಟಿದ್ದೆ. ಮನೆ ಅಳ್ಳಾಡ್ತು, ಕಾಲು ತಾನಾಗೇ ಓಡ್ತು. ಈಚೆ ಬಂದು ನೋಡಿದ್ರೆ ಬೀದೀಲಿ ನಾನೊಬ್ಳೇ. ಯಾರೂ ಇಲ್ಲ."

"ಆಮೇಲೆ?"

"ತಿರುಗಿ ಬರೋ ಅಷ್ಟ್ರಲ್ಲಿ ಬಾಗ್ಲಿಗೆ ಟೇಪು ಅಚ್ಬಿಟ್ಟಿದ್ರು. ನಿಮ್ಮ ಕ್ಯಾಸೆಟ್ಟು ಕೇಳಿ ನಾನೇ ತೋರಿಸ್ಕೊಟ್ಟಿದ್ದೆ, ಒಂದು ಸಂದೀನೂ ಬಿಡ್ದಂಗೆ. ಬಡ್ದೆ. ಮಕ್ಳು ಒಳಗಿಂದ ಅಳ್ತಿದ್ವು. ತೆಗೀಲಿಲ್ಲ. ಅಪಾಯ ಕಳೀತು ಅಂತ ಸೈರನ್ ಕೂಗೋಗಂಟ ಗೋಡೆಗೆ ಒರಗ್ಕೊಂಡು ಕುಂತಿದ್ದೆ. ಅವ್ರೇನು ಮಾಡ್ತಾರೆ ಬಿಡಿ, ತೆಗೀಬಾರ್ದು ಅಂತ ಕ್ಯಾಸೆಟ್ಟಲ್ಲಿ ಐತಲ್ಲ."

ಅವಳು ಇದನ್ನು ದೂರಿನಂತೆ ಹೇಳಲಿಲ್ಲ. ದೂರಿದ್ದರೆ ಚೆನ್ನಾಗಿತ್ತು.

"ಈಗ ಒಳಗೇ ಇರು ಅಂದವ್ರೆ. ಸೈರನ್ ಕೂಗಿದ್ರೆ ಮಕ್ಳಿಗೆ ಮಾಸ್ಕು ನಾನೇ ಕಟ್ತೀನಿ, ಅಮ್ಮನ ಅತ್ರ ಕಟ್ಟಿಸ್ಕೊಳ್ಳಲ್ಲ ಅವು. ಎಲ್ರದ್ದೂ ಆದ್ಮೇಲೆ ನಾನು ಒಂದು ಬಟ್ಟೆ ಒದ್ದೆ ಮಾಡಿ ಮೂಗಿಗೆ ಕಟ್ಕೊಂತೀನಿ. ಅದು ಸಾಕಾ ಚಿಕ್ಕಪ್ಪ?"

ಹೊಸಬರು ತರಬೇತಿಗೆ ಬಂದ ಮೊದಲ ದಿನ ನಾನು ಹೇಳುವ ಮೊದಲ ಮಾತೇ ಒದ್ದೆ ಬಟ್ಟೆಯನ್ನು ನಂಬಬೇಡಿ ಎಂದು. ಧೂಳನ್ನೋ ಹೊಗೆಯ ಮಸಿಯನ್ನೋ ಅದು ತಡೆದೀತು, ವಿಷವನ್ನು ತಡೆಯುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಧೈರ್ಯವಾಗಿ ಮುಂದೆ ನಡೆದವರನ್ನು ನಾವು ಆಮೇಲೆ ಹೊತ್ತುಕೊಂಡು ಬಂದಿದ್ದೇವೆ. ನನಗೆ ಅದನ್ನು ಕಲಿಸಿದವರು ಮೇಸ್ತ್ರಿ ಅಣ್ಣ. ಅವರು ನನ್ನ ಬೆನ್ನಿಗೆ ತಾಗಿಕೊಂಡು, ರಿಸೀವರಿಗೆ ಕಿವಿ ಹಚ್ಚಿ ನಿಂತಿದ್ದರು. ಅವರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು.

ಸಾಲದು ಎಂದರೆ ಅವಳು ಮಾಡುವುದೇನು? ಬೇರೆ ಯಾವುದನ್ನು ಕಟ್ಟಿಕೊಳ್ಳಬೇಕು?

"ಸಾಕು" ಎಂದೆ. "ಚೆನ್ನಾಗಿ ಒದ್ದೆ ಮಾಡ್ಕೋ. ಹಿಂಡಬೇಡ. ಎರಡು ಪದರ ಮಾಡಿ ಬಿಗಿಯಾಗಿ ಕಟ್ಕೋ."

"ಅಷ್ಟೇನಾ?"

"ಅಷ್ಟೇ ಕಣಮ್ಮ."

"ಸರಿ ಚಿಕ್ಕಪ್ಪ. ಅವ್ವಂಗೆ ಏಳಿ" ಎಂದಳು. ಲೈನು ಹೋಯಿತು. ಆಮೇಲೆ ಸಿಗಲಿಲ್ಲ.

ಆ ಯುದ್ಧ ಮುಗಿಯಿತು, ವಿಷದ ಗಾಳಿ ಬರಲಿಲ್ಲ, ಅವಳು ಊರಿಗೆ ಬಂದಳು. ಅದರಲ್ಲಿ ನಮ್ಮ ಕೈಚಳಕ ಏನೂ ಇಲ್ಲ. ಬಿಡಬಹುದಾಗಿದ್ದವರು ಬಿಡಲಿಲ್ಲ, ಅಷ್ಟೆ. ಅಂಥ ಹುಸಿ ಹೇಳಬಹುದೇ ಎಂದು ಆಮೇಲೆ ಒಂದಿಬ್ಬರು ನನ್ನನ್ನು ಕೇಳಿದ್ದಾರೆ. ಕೇಳುವವರು ಆ ಗಾಜಿನ ಗೂಡಿನಲ್ಲಿ ಒಮ್ಮೆ ನಿಂತು ನೋಡಲಿ. ಇವತ್ತು ಕೇಳಿದರೂ ನಾನು ಹೇಳುವುದು ಅದನ್ನೇ. ಆದರೆ ಆ ಮಧ್ಯಾಹ್ನ ನಮಗೆ ಇದಾವುದೂ ಗೊತ್ತಿರಲಿಲ್ಲ. ಸೈರನ್ ಅಂದೇ ಸಂಜೆ ಕೂಗಬಹುದಿತ್ತು.

ಬಸ್ ಸ್ಟ್ಯಾಂಡಿಗೆ ನಡೆದೆವು. ಕಿತ್ತುಕೊಂಡದ್ದಕ್ಕೆ ಅತ್ತಿಗೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮಗಳು ಏನೆಂದಳು, ನಾನು ಏನೆಂದೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದರು. ಹೊರಗೆ ಓಡಿದ್ದನ್ನು ಮುಚ್ಚಿಟ್ಟು ಉಳಿದದ್ದು ಹೇಳಿದೆ. ಅವರ ಮುಖ ಸಡಿಲಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅಯ್ಯೋ, ಇಷ್ಟೇನಾ? ಇದಕ್ಕೆ ಇಷ್ಟು ದಿನ ಎದೆ ಒಡ್ಕೊಂಡು ಕುಂತಿದ್ವಲ್ಲ" ಎಂದರು. ಆಮೇಲೆ ಏನೋ ಅನುಮಾನ ಬಂದಂತೆ ನನ್ನನ್ನು ಬಿಟ್ಟು ಗಂಡನ ಕಡೆ ತಿರುಗಿದರು. ಕೆಟ್ಟ ಗಾಳಿಯಲ್ಲಿ ಇಡೀ ಆಯಸ್ಸು ಕಳೆದವರು ಅತ್ತಿಗೆಯ ಪಾಲಿಗೆ ಅಣ್ಣನೇ. "ಏನ್ರೀ, ಒದ್ದೆ ಬಟ್ಟೆ ಸಾಕಾಗ್ತದಾ? ನಿಜ ಏಳಿ."

ಬೂದಿಕೋಟೆ ಬಸ್ಸು ಬಂದು ನಿಂತಿತ್ತು. ಅಣ್ಣ ನನ್ನ ಮುಖ ನೋಡಲಿಲ್ಲ. ಹೆಂಡತಿಯ ಚೀಲವನ್ನು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡರು.

"ಊಂ ಕಣೇ, ಸಾಕು" ಎಂದರು. "ಮೊದ್ಲೆಲ್ಲ ನಾವೂ ಅದನ್ನೇ ಕಟ್ಕೊಂಡು ಕೆಳಗೆ ಇಳೀತಿದ್ವಿ."